ಪದಚರ್ಚೆ: ಕಾರಿನ ‘ಬ್ಲೋಯರ್’ಗೆ ಏನನ್ನೋಣ? ಸಂಜೆಯೊಳಗೆ ಬೇಕು

ಕಲಬುರಗಿಯಿಂದ:
ಗೆಳೆಯರೇ, ನಮ್ಮ ಕಾಕಾನ ಗ್ಯಾರೇಜಿಗೆ ಒಂದು ಫಲಕ ಬರೆದುಕೊಡುತ್ತಿದ್ದೇನೆ. ಸಂಜೆ 5ಕ್ಕೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು. ಬಿಸಿಲು ಏರಿತು ಅಂದರೆ ಗಿರಾಕಿಗಳು ಬಂದು ‘ಎಸಿ ಖರಾಬ್ ಆಗ್ಯಾದ್ರಿ, ಗ್ಯಾಸ್ ತುಂಬ್ರಿ’ ಅನ್ನುತ್ತಾರೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಗ್ಯಾಸ್ ಸರಿಯಾಗೇ ಇರುತ್ತದೆ. ಕೆಟ್ಟಿರುವುದು ಗಾಳಿ ತಳ್ಳುವ ಬ್ಲೋಯರ್. ಫಲಕದ ಸಾಲುಗಳು ಇವು:

‘ನಾಲ್ಕನೇ ಸ್ಪೀಡಿಗೆ ಮಾತ್ರ ಗಾಳಿ ಬಂದರೆ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಭಾಗ) ಸುಟ್ಟಿರಬಹುದು. ಯಾವ ಸ್ಪೀಡಿಗೂ ಬರದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಮೋಟರಿಗೆ ಕರೆಂಟ್ ಹಾಯಿಸುವ ಸ್ವಿಚ್), ಮೋಟರ್ ನೋಡಿಸಿ. ಮೋಟರ್ ಸದ್ದು ಇದ್ದೂ ಗಾಳಿ ಕಡಿಮೆ ಇದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ಧೂಳು ನೋಡಿ.’

ಬರೀ ‘ಫ್ಯಾನ್’ ಅಂದರೆ ಜನ ಇಂಜಿನ್ ತಣಿಸುವ ರೇಡಿಯೇಟರ್ ಫ್ಯಾನ್ ಅಂದುಕೊಳ್ಳುತ್ತಾರೆ. ‘ವಾಯುಬೀಸಣಿಗೆ’ ನಡೆದೀತಾ?

ಬೀದರಿನಿಂದ:
ನಡೆಯುವುದಿಲ್ಲ. ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು.

‘ಬೀಸುಕ’ ಅನ್ನಿ. ತಮಿಳಿನ ‘ವೀಸು’, ನಮ್ಮ ‘ಬೀಸು’. ವಕಾರ ಬಕಾರ ಆದದ್ದು ಎಲ್ಲರಿಗೂ ಗೊತ್ತೇ ಇದೆ. ಗಾಳಿ ಬೀಸುವುದು, ಬಲೆ ಬೀಸುವುದು, ಜೋಳ ಬೀಸುವುದು, ಮೂರಕ್ಕೂ ಒಂದೇ ಧಾತು. ಈಗ ಬೀಸುಕಲ್ಲು ನೆನಪು ಮಾಡಿಕೊಳ್ಳಿ. ನಡುವಿನ ಕುಳಿಗೆ ಕಾಳು ಹಾಕುತ್ತೇವೆ, ಸುತ್ತಲೂ ಅಂಚಿನಿಂದ ಹಿಟ್ಟು ಉದುರುತ್ತದೆ. ಬ್ಲೋಯರ್ ಚಕ್ರವೂ ಹಾಗೇ ಅಲ್ವಾ? ನಡುವಿನಿಂದ ಗಾಳಿ ಎಳೆದುಕೊಂಡು ಅಂಚಿನಿಂದ ಹೊರಗೆಸೆಯುತ್ತದೆ. ಮಾಮೂಲಿ ಫ್ಯಾನ್ ಹಾಗಲ್ಲ, ಎದುರಿಗೆ ತಳ್ಳುತ್ತದೆ. ಈ ಭೇದ ನಮ್ಮ ಕ್ರಿಯಾಪದದಲ್ಲೇ ಇದೆ.

ಯಾದಗಿರಿಯಿಂದ:
‘ಬೀಸುಕ ರಿಪೇರಿ’ ಅಂತ ಬೋರ್ಡ್ ಹಾಕಿದರೆ ಜನ ಜೋಳದ ಚೀಲ ಹೊತ್ತು ಬರುತ್ತಾರೆ. ನಮ್ಮ ಕಡೆ ಅದು ಪಂಖಾ. ‘ಎಸಿ ಪಂಖಾ’ ಅಂತ ಬರೆಯಿರಿ, ಮುಗೀತು.

ಬೀದರಿನಿಂದ:
ಪಂಖಾ ಹಿಂದಿ.

ಕಲಬುರಗಿಯಿಂದ:
‘ಎಸಿ ಪಂಖಾ’ ಆಗಲ್ಲ ಸರ್. ಹೀಟರಿಗೂ ಇದೇ ಬ್ಲೋಯರ್. ಹೀಟರಿನ ಬಿಸಿ ಇಂಜಿನ್ನಿನ ಬಿಸಿ ನೀರಿನಿಂದ ಬರುತ್ತದೆ, ಅದನ್ನು ಒಳಗೆ ತಳ್ಳುವುದು ಇದೇ ಚಕ್ರ. ಅದಕ್ಕೇ ಕಾಕಾ ಮೊದಲು ಹೀಟರ್ ಹಚ್ಚಿ ನೋಡುತ್ತಾರೆ. ಅದರಲ್ಲೂ ಗಾಳಿ ಇಲ್ಲದಿದ್ದರೆ ಗ್ಯಾಸಿನ ಮಾತೇ ಬೇಡ.

‘ರೆಸಿಸ್ಟರ್’ಗೆ ‘ರೋಧಕ’ ಹಾಕಲಾ? ಕಾಕಾಗೆ ಕೇಳಿದೆ. ‘ಬಿಡಿಭಾಗದ ಅಂಗಡಿಯವ ಏನು ಕೊಟ್ಟಾನು ಅದಕ್ಕ?’ ಅಂದರು.

ಯಾದಗಿರಿಯಿಂದ:
ಕಲಬುರಗಿಯಲ್ಲಿ ಹೀಟರ್ ಯಾರ್ರೀ ಹಚ್ತಾರೆ! ರೋಧಕ ಪಠ್ಯಪುಸ್ತಕದಲ್ಲೇ ಇರಲಿ. ಅಂದಹಾಗೆ, ನಾಲ್ಕನೆಯದು ಮಾತ್ರ ಯಾಕೆ ಓಡುತ್ತದೆ?

ಕಲಬುರಗಿಯಿಂದ:
ಕಡಿಮೆ ಸ್ಪೀಡಿಗೆ ಕರೆಂಟ್ ರೆಸಿಸ್ಟರ್ ಹಾದು ಬರುತ್ತದೆ. ನಾಲ್ಕಕ್ಕೆ ನೇರ. ಸ್ವಿಚ್ ತಿರುಗಿಸುವ ಸಾದಾ ಎಸಿಯ ಮಾತಿದು. ಹೊಸ ರೆಸಿಸ್ಟರ್ ಮತ್ತೆ ಸುಟ್ಟರೆ ಮೋಟರ್ ಬಿಗಿಯಾಗಿ ಕರೆಂಟ್ ಜಾಸ್ತಿ ಎಳೆಯುತ್ತಿರಬಹುದು. ಅದನ್ನೂ ಒಂದು ಸಾಲಿನಲ್ಲಿ ಸೇರಿಸುತ್ತೇನೆ. ಪದ ಹೇಳಿ ಸರ್, ನಾಲ್ಕೂವರೆ ಆಯಿತು.

ಬೀದರಿನಿಂದ:
ಹೇಳಿ ಆಯಿತಲ್ಲ.

ಯಾದಗಿರಿಯಿಂದ:
ಪಂಖಾ ಹಿಂದಿ ಅಂತೀರಿ. ‘ಹವಾನಿಯಂತ್ರಿತ’ ಯಾವ ಕನ್ನಡ? ಹವಾ ಅರಬ್ಬಿ, ನಿಯಂತ್ರಿತ ಸಂಸ್ಕೃತ. ಅದಕ್ಕೆ ಅರಿಸಮಾಸ ಅಂದವರನ್ನು ಕಾಣೆ. 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ ನಮ್ಮದು. ದವಾಖಾನೆ, ಖುರ್ಚಿ, ಪಂಖಾ ಎಲ್ಲ ಆಚೆ ಹಾಕಿದರೆ ನಮ್ಮ ಅಜ್ಜಿ ಮಾತಾಡಿದ್ದು ಯಾವ ಭಾಷೆ?

ಬೀದರಿನಿಂದ:
ಹವಾನಿಯಂತ್ರಿತ ತಪ್ಪು ಅಂತ ಇಲ್ಲೇ ಹತ್ತು ಸಲ ಬರೆದಿದ್ದೇನೆ. ಹಳೆಯ ಪತ್ರ ಓದದೆ ಸುಮ್ನೆ ಜಗಳಕ್ಕೆ ಬರಬೇಡಿ. ಅಜ್ಜಿಯನ್ನು ಎಳೆದು ತರುವುದು ವಾದ ಅಲ್ಲ. ಇನ್ನು ಹೀಟರ್: ಡಿಸೆಂಬರಿನಲ್ಲಿ ಬೆಳಿಗ್ಗೆ ಬೀದರಿಗೆ ಬನ್ನಿ, ಯಾರು ಹಚ್ತಾರೆ ತೋರಿಸುತ್ತೇನೆ.

ಕಲಬುರಗಿಯಿಂದ:
ಪ್ರಿಂಟಿಗೆ ಕೊಟ್ಟೆ. ‘ಬ್ಲೋಯರ್ ಪಂಖಾ’ ಅಂತ ಹಾಕಿದ್ದೇನೆ. ಫಲಕದ ಫೋಟೋ ನಾಳೆ ಕಳಿಸುತ್ತೇನೆ.

ಬೀದರಿನಿಂದ:
ಒಂದು ಇಂಗ್ಲಿಷ್, ಒಂದು ಹಿಂದಿ. ಹೋಗಲಿ, ‘ಫಲಕ’ ಯಾಕೆ? ‘ಹಲಗೆ’ ಇರಲಿಲ್ಲವೇ?

ಯಾದಗಿರಿಯಿಂದ:
ಹಲಗೆ ಅಂದರೆ ಫಲಕದ ತದ್ಭವ ಅಲ್ವಾ?

ಬೀದರಿನಿಂದ:
ಉಲ್ಟಾನೂ ಇರಬಹುದು. ‘ಪಲಗೆ’ ನಮ್ಮದೇ ಆಗಿ, ಸಂಸ್ಕೃತಕ್ಕೆ ಹೋಗಿರಬಹುದು. ಬೇರೆ ಪತ್ರ ಬರೆಯುತ್ತೇನೆ.