ಶಾಲೆಯ ಕಂಪ್ಯೂಟರ್‌ಗಳಿಗೆ ಸಾಫ್ಟ್‌ವೇರ್ ಒಟ್ಟಿಗೆ ಕಟ್ಟಿಡುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಯಾದಗಿರಿಯಿಂದ:
ನಮ್ಮ ಹೈಸ್ಕೂಲಿನ ಹಳೆಯ ಕಂಪ್ಯೂಟರ್‌ಗಳಿಗೆ ಡೆಬಿಯನ್ (ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿದ್ದೇವೆ. ಕನ್ನಡ ಫಾಂಟ್, ಕೀಬೋರ್ಡ್, ಲಿಬ್ರೆ ಆಫೀಸ್, ಮಕ್ಕಳ ಕಲಿಕೆಯ ಆಟಗಳಿರುವ ಜಿಕಾಂಪ್ರಿ ಎಲ್ಲವನ್ನೂ ಒಂದೊಂದಾಗಿ ಹುಡುಕಿ ಹಾಕಬೇಕು. ನೆಟ್ ನಿಧಾನ. ಕಂಪ್ಯೂಟರ್ ಜಾಸ್ತಿ ಗೊತ್ತಿಲ್ಲದ ಶಿಕ್ಷಕರೂ ತಾವೇ ಹಾಕಿಕೊಳ್ಳುವ ಹಾಗೆ ಮಾಡಬಹುದಾ?

ಕಲಬುರಗಿಯಿಂದ:
ಮಾಡಬಹುದು ಸರ್. ಡೆಬಿಯನ್ನಿನಲ್ಲಿ ಪ್ರತಿ ಸಾಫ್ಟ್‌ವೇರೂ ಪ್ಯಾಕೇಜ್ ಅನ್ನುವ ಕಟ್ಟಾಗಿ ಬರುತ್ತದೆ. ನೀವು ಮೆಟಾಪ್ಯಾಕೇಜ್ ಕಟ್ಟಿ. ಅದರೊಳಗೆ ಪ್ರೋಗ್ರಾಂ ಇರುವುದಿಲ್ಲ, ಯಾವ ಯಾವ ಪ್ಯಾಕೇಜ್ ಬೇಕು ಅನ್ನುವ ಪಟ್ಟಿ ಇರುತ್ತದೆ. ಅದೊಂದನ್ನು ಹಾಕಿದರೆ ಉಳಿದವು ತಾವೇ ಬರುತ್ತವೆ. ಡೆಬಿಯನ್‌ನಲ್ಲಿರುವ ಫಾಂಟ್ಸ್-ಕೆಎನ್‌ಡಿಎ ಇಂಥದ್ದೇ, ಗುಬ್ಬಿ ಮತ್ತು ನವಿಲು ಫಾಂಟ್ ಎರಡನ್ನೂ ತರುತ್ತದೆ. ನಿಮ್ಮದೇ ಮಾಡಲು ಇಕ್ವಿವ್ಸ್ ಅನ್ನುವ ಪ್ರೋಗ್ರಾಂ ಇದೆ. ಸಣ್ಣ ಟೆಕ್ಸ್ಟ್ ಫೈಲ್ ಬರೆದುಕೊಟ್ಟರೆ ಡೆಬ್ ಫೈಲ್ (ಡೆಬಿಯನ್ ಪ್ಯಾಕೇಜಿನ ಫೈಲ್) ಮಾಡಿಕೊಡುತ್ತದೆ.

ಒಂದು ವಿಷಯ ಗಮನದಲ್ಲಿರಲಿ. ಪಟ್ಟಿಯನ್ನು 'ಡಿಪೆಂಡ್ಸ್' ಸಾಲಿನಲ್ಲಿ ಬರೆದರೆ, ಯಾರಾದರೂ ಬೇಡವೆಂದು ಒಂದು ಆಟ ತೆಗೆದಾಗ ಮೆಟಾಪ್ಯಾಕೇಜೂ ಹೋಗುತ್ತದೆ. ಆಮೇಲೆ ಆಟೋರಿಮೂವ್ (ಯಾರಿಗೂ ಬೇಡವಾದ ಪ್ಯಾಕೇಜ್ ತೆಗೆಯುವ ಆಜ್ಞೆ) ಓಡಿಸಿದರೆ ಉಳಿದವೂ ಹೋಗಬಹುದು. 'ರೆಕಮೆಂಡ್ಸ್' ಸಾಲಿನಲ್ಲಿ ಬರೆಯಿರಿ. ಪ್ಯಾಕೇಜ್ ಇಳಿಸಿ ಹಾಕುವ ಆಪ್ಟ್ ಪ್ರೋಗ್ರಾಂ ಅವನ್ನೂ ಹಾಕುತ್ತದೆ, ಆದರೆ ಒಂದನ್ನು ತೆಗೆದರೆ ಬೇರೆಯವಕ್ಕೆ ತೊಂದರೆ ಇಲ್ಲ.

ಗುಂಪು ಮಾಡುವಾಗ ಕೆಲಸ ನೋಡಿ ಮಾಡಿ. ಬರೀ ಟೆಸೆರಾಕ್ಟ್ ಅಂತ ಪ್ರೋಗ್ರಾಂ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. 'ಸ್ಕ್ಯಾನ್ ಮಾಡಿದ ಪುಟದಿಂದ ಕನ್ನಡ ಅಕ್ಷರ ತೆಗೆಯಲು' ಅಂದರೆ ತಕ್ಷಣ ತಿಳಿಯುತ್ತದೆ ಅಲ್ವಾ? ಪ್ಯಾಕೇಜಿನ ಹೆಸರಿಗೆ ಇಂಗ್ಲಿಷ್ ಅಕ್ಷರವೇ ಬೇಕು, ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು. ದಯವಿಟ್ಟು ಬರೆಯಿರಿ, ಶಿಕ್ಷಕರು ಓದುವುದು ಅದನ್ನೇ.

ಬೀದರ್‌ನಿಂದ:
ಮೇಲಿನ ಮಾತು ಸರಿ. ಭಾಷೆಗೆ ಬೇಕಾದ ಫಾಂಟ್, ಕೀಬೋರ್ಡ್ ಮಾತ್ರ ಬೇರೆ ಮೆಟಾಪ್ಯಾಕೇಜಾಗಿ ಇಡಿ. ನಮ್ಮ ಜಿಲ್ಲೆಯಲ್ಲಿ ಮರಾಠಿ, ಉರ್ದು ಶಾಲೆಗಳೂ ಇವೆ, ಅವರಿಗೂ ನಿಮ್ಮ ಕೆಲಸ ಉಪಯೋಗ ಆಗಲಿ. ಕನ್ನಡದ ಗುಂಪಿಗೆ ಐಬಸ್-ಎಂ17ಎನ್ (ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡಲು ಇರುವ ಪ್ಯಾಕೇಜ್) ಸೇರಿಸಿ. ಅದರಲ್ಲಿ ಕೆಜಿಪಿ ಕೀಬೋರ್ಡ್ ಇದೆ. 'ನುಡಿ' ತಂತ್ರಾಂಶದಲ್ಲಿರುವ ಕೀಲಿಮಣೆ ವಿನ್ಯಾಸವೇ ಅದು, ಹಾಗಾಗಿ ಅದರಲ್ಲಿ ಟೈಪ್ ಮಾಡಿದವರು ಹೊಸದಾಗಿ ಕಲಿಯಬೇಕಿಲ್ಲ.

ನೆಟ್ ಇಲ್ಲದ ಕಡೆಗೆ ಪೆನ್‌ಡ್ರೈವ್ ಸಾಕು. ನೆಟ್ ಇರುವ ಕಡೆ ಹೊಸದಾಗಿ ಡೆಬಿಯನ್ ಹಾಕಿದ ಒಂದು ಕಂಪ್ಯೂಟರಿನಲ್ಲಿ ಆಪ್ಟ್-ಗೆಟ್ ಆಜ್ಞೆ ಬಳಸಿ ಎಲ್ಲ ಇಳಿಸಿಕೊಂಡು, ಆ ಡೆಬ್ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೊಸದೇ ಯಾಕೆಂದರೆ, ಮೊದಲೇ ಇರುವ ಪ್ಯಾಕೇಜ್ ಮತ್ತೆ ಇಳಿಯುವುದಿಲ್ಲ. ಬರೀ 'ಆಪ್ಟ್' ಅಂತ ಕೊಟ್ಟರೆ ಹಾಕಿದ ಮೇಲೆ ಡೆಬ್ ಫೈಲುಗಳು ಅಳಿಸಿಹೋಗುತ್ತವೆ. ಎಲ್ಲ ಕಂಪ್ಯೂಟರಿನಲ್ಲೂ ಡೆಬಿಯನ್ನಿನ ಒಂದೇ ಆವೃತ್ತಿ ಇರಬೇಕು. 32 ಬಿಟ್, 64 ಬಿಟ್ ಬೆರೆಸಬೇಡಿ. ಡೆಬಿಯನ್ 13ರಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುತ್ತಿಲ್ಲ, ಹಾಗಾಗಿ ನಿಮ್ಮ ಹಳೆಯ ಮಷೀನುಗಳು ಯಾವುವು ಅಂತ ಮೊದಲು ನೋಡಿಕೊಳ್ಳಿ.