“ಡ್ರೋನ್ ಕಂಡವರು ತಿಳಿಸಿ”: ನಮ್ಮ ಬಡಾವಣೆ ಗುಂಪಿನಲ್ಲಿ ಎರಡು ದಿನ

ಭಾನುವಾರ

ಮನೆ 4 (ಅಡ್ಮಿನ್), ಸಂಜೆ 6.40: ಎಲ್ಲರ ಗಮನಕ್ಕೆ. ಆಡಿಟೋರಿಯಂನ ಮದುವೆಗೆ ಬಂದಿದ್ದ ವಿಡಿಯೋ ಹುಡುಗರು ನಮ್ಮ ಗೇಟಿನ ಹತ್ತಿರ ನಿಂತಿದ್ದಾರೆ. ಅವರ ಡ್ರೋನ್ ಕಾಣೆಯಾಗಿದೆಯಂತೆ. ಮಧ್ಯಾಹ್ನ ದಿಬ್ಬಣ ಇಳಿಯುವಾಗ ಹಾರಿಸಿದ್ದು. ನಮ್ಮ ಮನೆಗಳ ಕಡೆ ಬಂದು ಸಿಗ್ನಲ್ ಕಟ್ಟಾಯಿತಂತೆ. ಬೂದು ಬಣ್ಣ, ತೂಕ ಸುಮಾರು 900 ಗ್ರಾಂ. ಟೆರೇಸು, ತೋಟ, ಹಟ್ಟಿಯ ಮಾಡು ಎಲ್ಲ ಒಮ್ಮೆ ನೋಡಿ. ಕಂಡವರು ತಿಳಿಸಿ.

ಮನೆ 9 (ಕಾಲೇಜು ಹುಡುಗ): ಅಂಕಲ್, ಅಮೆರಿಕದ ಮಿಲಿಟರಿಯವರೂ ಹೀಗೇ ಮೆಸೇಜು ಹಾಕಿದ್ದರು 😂 2023ರ ಸೆಪ್ಟೆಂಬರ್‌ನಲ್ಲಿ. ಎಫ್-35 ಕಾಣೆಯಾಗಿದೆ, ಕಂಡವರು ಫೋನ್ ಮಾಡಿ ಅಂತ.

ಮನೆ 14 (ಶೆಟ್ರು): ಸುಮ್ನೆ ಹೇಳುವುದಾ ನೀನು? ಯುದ್ಧ ವಿಮಾನ ಕಾಣೆಯಾಗುವುದಕ್ಕೆ ಅದೇನು ಬೆಕ್ಕಾ?

ಮನೆ 9: ಸತ್ಯ ಶೆಟ್ರೇ. ಸೌತ್ ಕೆರೊಲಿನಾದಲ್ಲಿ. ಪೈಲಟ್ ಸೀಟು ಸಮೇತ ಹೊರಗೆ ಹಾರಿದ, ವಿಮಾನ ತನ್ನಷ್ಟಕ್ಕೆ ಮುಂದೆ ಹೋಯಿತು. ಚಾರ್ಲ್ಸ್‌ಟನ್ ವಾಯುನೆಲೆಯವರು ಫೇಸ್‌ಬುಕ್, ಟ್ವಿಟರ್‌ನಲ್ಲಿ ಊರವರ ಸಹಾಯ ಕೇಳಿದರು. ಬೆಲೆ ಹತ್ತು ಕೋಟಿ ಡಾಲರ್‌ಗಿಂತ ಜಾಸ್ತಿ. ಜನ ಬಿಡುತ್ತಾರಾ? ನಾಯಿ ಕಳೆದುಹೋದಾಗ ಕಂಬಕ್ಕೆ ಅಂಟಿಸುತ್ತಾರಲ್ಲ, ಹಾಗೆ ವಿಮಾನದ ಫೋಟೋ ಹಾಕಿ ಪೋಸ್ಟರ್ ಮಾಡಿದರು. ಅಲ್ಲಿನ ಸಂಸದೆ ನ್ಯಾನ್ಸಿ ಮೇಸ್ ಕೂಡ ಕೇಳಿದ್ದರು, ಎಫ್-35 ಕಳೆದುಕೊಳ್ಳುವುದು ಹೇಗೆ ಮಾರಾಯ್ರೆ ಅಂತ. ಮಾರಾಯ್ರೆ ಮಾತ್ರ ನನ್ನದು.

ಮನೆ 5 (ಇಚ್ಚ): ಅದೇ ಜಾತಿಯದ್ದು ನಮ್ಮ ತಿರುವನಂತಪುರಕ್ಕೂ ಬಂದಿತ್ತಲ್ಲ. ಬ್ರಿಟಿಷರದ್ದು. 2025ರ ಜೂನ್ 14ಕ್ಕೆ ಇಳಿದದ್ದು, ಕೆಟ್ಟು ನಿಂತು ಹೋದದ್ದು ಜುಲೈ 22ಕ್ಕೆ. ಕೇರಳ ಟೂರಿಸಂನವರು ಅದನ್ನೇ ಹಿಡಿದು ಜಾಹೀರಾತು ಮಾಡಿದ್ದರು, ಇಲ್ಲಿಗೆ ಬಂದವರಿಗೆ ವಾಪಸ್ ಹೋಗಲು ಮನಸ್ಸಾಗುವುದಿಲ್ಲ ಅಂತ.

ಮನೆ 14: ಅದು ಕಾಣೆಯಾಗಲಿಲ್ಲ, ಕಾಣುತ್ತಲೇ ಇತ್ತು. ಅದೇ ಸಮಸ್ಯೆ 😄

ಮನೆ 7 (ಟೀಚರ್): ತಮಾಷೆ ಸಾಕು. ಡ್ರೋನ್ ಕಳೆದುಕೊಂಡವರ ಗೋಳು ಒಂದು ಕಡೆ ಇರಲಿ. ಅದು ನಮ್ಮ ಮನೆಗಳ ಮೇಲೆ ಯಾಕೆ ಬಂತು? ಕಳೆದ ವಾರ ನಾನು ಟೆರೇಸಿನಲ್ಲಿ ಹಪ್ಪಳ ಒಣಗಿಸುವಾಗ ತಲೆ ಮೇಲೆ ನಿಂತಿತ್ತು. ನಿಂತೇ ಇತ್ತು. ನಾನು ನೈಟಿಯಲ್ಲಿ ಇದ್ದೆ. ಯಾರದೋ ಮದುವೆ ವಿಡಿಯೋದಲ್ಲಿ ನಾನೂ ನನ್ನ ಹಪ್ಪಳವೂ ಉಂಟು ಈಗ.

ಮನೆ 16: ನಮ್ಮ ದನ ಆ ಶಬ್ದಕ್ಕೆ ಹಗ್ಗ ಕಿತ್ತು ಓಡಿದೆ ಟೀಚರ್. ಎರಡು ಸಲ. ಮಕರ ತಿಂಗಳಿಂದ ಭಾನುವಾರ ಒಂದೂ ಬಿಟ್ಟದ್ದಿಲ್ಲ.

ಮನೆ 4 (ಅಡ್ಮಿನ್): ಹುಡುಗರು ಕತ್ತಲಾಯಿತು ಅಂತ ಹೊರಟರು. ನಂಬರು ಕೊಟ್ಟಿದ್ದಾರೆ. ನಾಳೆ ಬರುತ್ತಾರಂತೆ.

ಸೋಮವಾರ

ಮನೆ 11 (ಭಟ್ರು), ಬೆಳಿಗ್ಗೆ 6.15: ಸಿಕ್ಕಿತು. ನಮ್ಮ ಬಾವಿಯಲ್ಲಿ.

ಮನೆ 4 (ಅಡ್ಮಿನ್): ಅಯ್ಯೋ. ಭಟ್ರೇ, ಬಾವಿಯಲ್ಲಾ?

ಮನೆ 11: ಹೌದು. ಮನೆಯವಳು ಕೊಡಪಾನ ಇಳಿಸಲು ಹೋದಾಗ ನೋಡಿದ್ದು. ಬಲೆಯಲ್ಲಿ ಒಂದು ತೆಂಗಿನಕಾಯಿ ಹೋಗುವಷ್ಟು ತೂತು. ನೀರಿನ ಮೇಲೆ ರೆಕ್ಕೆಯ ತುಂಡೊಂದು ಮಾವಿನೆಲೆ ಹಾಗೆ ತೇಲುತ್ತಾ ಇತ್ತು. ಟಾರ್ಚು ಹಾಕಿದೆ. ಈಗ ನೀರು ಇರುವುದೇ ಎರಡು ಕೋಲು, ತಳ ಕಾಣುತ್ತದೆ. ಮಗುಚಿ ಬಿದ್ದಿದೆ, ನಾಲ್ಕು ಕೈ ಚಾಚಿಕೊಂಡು, ಸತ್ತ ಏಡಿಯ ಹಾಗೆ. ಈ ಬಾವಿಯ ನೀರು ನಾಲ್ಕು ಮನೆಗೆ ಹೋಗುತ್ತದೆ. 10, 11, 12, 13. ಪಂಪು ಹಾಕಬೇಡಿ ಯಾರೂ.

ಮನೆ 13: ನಾವು ರಾತ್ರಿ ಟ್ಯಾಂಕ್ ತುಂಬಿಸಿ ಆಯಿತು ಭಟ್ರೇ. ಬೆಳಿಗ್ಗೆ ಕಾಫಿಯೂ ಆಯಿತು.

ಮನೆ 2 (ಏರ್‌ಫೋರ್ಸ್ ಸಾರ್): ಆ ಟ್ಯಾಂಕ್ ನೀರು ಗಿಡಕ್ಕೆ ಬಿಡಿ, ಕುಡಿಯಬೇಡಿ. ಡ್ರೋನ್ ಮೇಲೆ ತಂದ ಕೂಡಲೇ ಮನೆಯೊಳಗೆ ಇಡಬೇಡಿ. ಅದರಲ್ಲಿ ಲಿಥಿಯಂ ಬ್ಯಾಟರಿ ಉಂಟು. ನೀರಿಗೆ ಬಿದ್ದದ್ದು ಆಮೇಲೂ ಬೆಂಕಿ ಹಿಡಿಯಬಹುದು. ಅಂಗಳದ ಮೂಲೆಯಲ್ಲಿ ಮರಳಿನ ಮೇಲೆ ಇಡಿ. ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ.

ಮನೆ 9: ಸಾರ್, ನಿನ್ನೆ ಆ ಎಫ್-35 ವಿಷಯ ನೀವು ಏನೂ ಹೇಳಲಿಲ್ಲ?

ಮನೆ 2: ಎಲ್ಲರೂ ನಗುತ್ತಾ ಇದ್ದಿರಿ, ಸುಮ್ಮನಿದ್ದೆ. ಈಗ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು. ಆ ದಿನ ಹವೆ ಕೆಟ್ಟಿತ್ತು. ಇಳಿಯುವ ಹೊತ್ತಿಗೆ ವಿಮಾನದ ಕರೆಂಟು ಕೈಕೊಟ್ಟಿತು. ರೇಡಿಯೋ ಹೋಯಿತು, ನಾನು ಇಲ್ಲಿದ್ದೇನೆ ಅಂತ ನೆಲಕ್ಕೆ ಹೇಳುವ ಟ್ರಾನ್ಸ್‌ಪಾಂಡರ್ ಹೋಯಿತು. ಪೈಲಟ್ ಸುಮಾರು 2000 ಅಡಿಯಿಂದ ಹಾರಿ ಒಬ್ಬರ ಮನೆಯ ಹಿತ್ತಲಿಗೆ ಬಿದ್ದ. ಆ ಮನೆಯವರು 911ಕ್ಕೆ ಫೋನ್ ಮಾಡಿದರು, ನಮ್ಮ 112ರ ಹಾಗೆ. ಎಷ್ಟು ಎತ್ತರದಿಂದ ಬಿದ್ದದ್ದು ಅಂತ ಆ ಕಡೆಯವರು ಕೇಳಿದರು. ಏಣಿಯಿಂದ ಬಿದ್ದವರಿಗೆ ಕೇಳುವ ಪ್ರಶ್ನೆ. ಇವನು ಎರಡು ಸಾವಿರ ಅಡಿ ಅಂದ. ವಿಮಾನ ಎಲ್ಲಿ ಅಂತ ನನಗೆ ಗೊತ್ತಿಲ್ಲ ಅಂತಲೂ ಹೇಳಿದ.

ಆ ವಿಮಾನ ಖಾಲಿ ಸೀಟಿನಲ್ಲಿ 11 ನಿಮಿಷ 21 ಸೆಕೆಂಡು ಹಾರಿತು. ಸುಮಾರು 118 ಕಿಲೋಮೀಟರ್. ಕಾಸರಗೋಡಿನಲ್ಲಿ ಹಾರಿದವನ ವಿಮಾನ ಉಡುಪಿ ದಾಟಿ ಬಿದ್ದ ಹಾಗೆ. ಮರುದಿನ ಒಂದು ಹಳ್ಳಿಯ ಕಡೆ ಮರಗಳ ನಡುವೆ ಚೂರು ಸಿಕ್ಕಿತು. 2024ರ ಅಕ್ಟೋಬರ್ ಕೊನೆಗೆ ವರದಿ ಬಂತು. ವಿಮಾನ ಇನ್ನೂ ಹಾರುವ ಸ್ಥಿತಿಯಲ್ಲಿ ಇತ್ತು, ಪೈಲಟ್ ಹಾರಿದ್ದು ತಪ್ಪು ಅಂತ. ಅವರ ಕೈಪಿಡಿಯಲ್ಲಿ ಬರೆದದ್ದೂ ಸ್ಪಷ್ಟ ಇರಲಿಲ್ಲ ಅಂತ ಅದೇ ವರದಿ ಹೇಳಿದೆ. ಮೋಡದ ಒಳಗೆ ಕಣ್ಣಿಗೆ ಏನೂ ಕಾಣದೆ ಕೂತವನಿಗೆ ತೀರ್ಮಾನ ಮಾಡಲು ಎಷ್ಟು ಸೆಕೆಂಡು ಸಿಗುತ್ತದೆ ಅಂತ ನಮಗೆ ಗೊತ್ತು. ಅವನನ್ನು ನಾನು ಬೈಯುವುದಿಲ್ಲ.

ಮನೆ 14: ಯಾರಿಗೂ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು.

ಮನೆ 2: ಅಲ್ಲಿ ಆಗಲಿಲ್ಲ. 1989ರ ಜುಲೈ 4ರಂದು ಆಯಿತು. ಸೋವಿಯತ್ ಮಿಗ್-23. ಪೈಲಟ್ ಪೋಲೆಂಡಿನಲ್ಲಿ ಹಾರಿದ. ವಿಮಾನ ಸುಮಾರು 900 ಕಿಲೋಮೀಟರ್ ತಾನೇ ಹೋಗಿ ಬೆಲ್ಜಿಯಂನಲ್ಲಿ ಒಂದು ಮನೆ ಮೇಲೆ ಬಿತ್ತು. ಒಳಗಿದ್ದ ಹುಡುಗ ತೀರಿಕೊಂಡ. ಕಾಲೇಜು ಹುಡುಗರ ಪ್ರಾಯ.

ಮತ್ತೆ, ವಿಮಾನ ಕಾಣೆಯಾಗುವುದು ಅಂದರೆ ನನಗೆ ನಗು ಬರುವುದಿಲ್ಲ ಶೆಟ್ರೇ. 2016ರ ಜುಲೈ 22ಕ್ಕೆ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ನಮ್ಮ ವಾಯುಪಡೆಯ ಎಎನ್-32ರಲ್ಲಿ 29 ಜನ ಇದ್ದರು. ಬಂಗಾಳ ಕೊಲ್ಲಿಯ ಮೇಲೆ ಹೋದದ್ದು ಹೋಯಿತು. ಅವಶೇಷ ಪತ್ತೆಯಾಯಿತು ಅಂತ ಗೊತ್ತಾದದ್ದು 2024ರ ಜನವರಿಯಲ್ಲಿ, 3400 ಮೀಟರ್ ಆಳದಲ್ಲಿ. ಅಷ್ಟು ವರ್ಷ ಆ ಮನೆಗಳಲ್ಲಿ ಫೋನ್ ಬಂದಾಗೆಲ್ಲ ಏನಾಗಿರಬಹುದು, ಯೋಚಿಸಿ.

(ಇದಾದ ಮೇಲೆ ಅರ್ಧ ಗಂಟೆ ಗುಂಪಿನಲ್ಲಿ ಯಾರೂ ಏನೂ ಹಾಕಲಿಲ್ಲ. ನಮ್ಮ ಗುಂಪಿನಲ್ಲಿ ಇದು ದಾಖಲೆ.)

ಮನೆ 7 (ಟೀಚರ್): ಸಾರ್, ಒಂದು ಮಾತು. ಆ ಬಾವಿಕಟ್ಟೆಯ ಮೇಲೆ ಭಾನುವಾರ ಮಧ್ಯಾಹ್ನ ಯಾವಾಗಲೂ 12ನೇ ಮನೆ ಪಾಪು ಕೂತು ಆಡುತ್ತಾನೆ.

ಮನೆ 12: ನಿನ್ನೆ ಜ್ವರ ಅಂತ ಮಲಗಿದ್ದ ಟೀಚರ್. ಇಲ್ಲದಿದ್ದರೆ ಅಲ್ಲೇ.

ಮನೆ 4 (ಅಡ್ಮಿನ್): ಹುಡುಗರು ಫೋನ್ ಮಾಡಿದರು. ಸಿಕ್ಕಿತು ಅಂದ ಕೂಡಲೇ ಕೇಳಿದ್ದು, ಮೆಮೊರಿ ಕಾರ್ಡ್ ಸರಿ ಉಂಟಾ ಅಂತ. ಬಾವಿ ಯಾರದ್ದು, ನೀರು ಏನಾಯಿತು, ಒಂದು ಮಾತಿಲ್ಲ. ನನಗೆ ಅದೇ ಪಿತ್ತ ನೆತ್ತಿಗೇರಿದ್ದು. ಕಳೆದುಕೊಂಡವನು ತನ್ನ ವಸ್ತು ಕೇಳುತ್ತಾನೆ, ಸರಿ. ಬಿದ್ದದ್ದು ಯಾರ ತಲೆ ಮೇಲೆ ಅಂತಲೂ ಕೇಳಬೇಕು, ಅಲ್ವಾ?

ಮನೆ 5 (ಇಚ್ಚ): ಹಾಗಾದರೆ ಕೊಡುವುದು ಬೇಡ. ಬಾವಿ ಖಾಲಿ ಮಾಡಿಸಿ, ಕೆಸರು ತೆಗೆಸಿ, ಹೊಸ ಬಲೆ ಹಾಕಿಸಿ, ಆಮೇಲೆ ತೆಗೆದುಕೊಂಡು ಹೋಗಲಿ.

ಮನೆ 14: ಇಟ್ಟುಕೊಂಡರೆ ಕಳ್ಳತನ ಅಂತ ನಮ್ಮ ಮೇಲೆಯೇ ಕೇಸು ಹಾಕಿಯಾರು ಇಚ್ಚ.

ಮನೆ 9: ನಾನು ರಾತ್ರಿ ಡ್ರೋನ್ ನಿಯಮ ಓದಿದೆ. 2021ರದ್ದು. 250 ಗ್ರಾಂ ದಾಟಿದ ಡ್ರೋನ್ ಬಾಡಿಗೆ ಕೆಲಸಕ್ಕೆ ಹಾರಿಸುವವನಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಡ್ರೋನ್ ರಿಜಿಸ್ಟರ್ ಆಗಿ ನಂಬರು ಇರಬೇಕು. ಇನ್ನೊಬ್ಬರಿಗೆ ಆದ ನಷ್ಟಕ್ಕೆ ಇನ್ಶೂರೆನ್ಸ್ ಬೇಕು, ಬೈಕಿಗೆ ಇರುವ ಹಾಗೆ. ಅಪಘಾತ ಆದರೆ 48 ಗಂಟೆಯೊಳಗೆ ಸರ್ಕಾರದ ಪೋರ್ಟಲ್‌ನಲ್ಲಿ ತಿಳಿಸಬೇಕು. ನಿಯಮ ಮೀರಿದರೆ ಒಂದು ಲಕ್ಷದವರೆಗೆ ದಂಡ.

ಮನೆ 14: ಪರೀಕ್ಷೆಗೆ ಇಷ್ಟು ಓದಿದ್ದರೆ!

ಮನೆ 2: ಹುಡುಗ ಸರಿಯಾಗಿ ಹೇಳಿದ. ಜಗಳ ಬೇಡ. ನಾಲ್ಕು ಜನರ ಎದುರಿಗೆ ಮೇಲೆ ತರೋಣ, ಫೋಟೋ ತೆಗೆಯೋಣ, ಅವರು ಕಾಗದ ತೋರಿಸಲಿ. ಕಾಗದ ಇದ್ದರೆ ಇನ್ಶೂರೆನ್ಸಿನಿಂದ ಬಾವಿಯ ಖರ್ಚು ಕೇಳೋಣ. ಇಲ್ಲದಿದ್ದರೆ ಡ್ರೋನ್ ಸೀದಾ ಠಾಣೆಗೆ ಕೊಟ್ಟು ರಸೀದಿ ತೆಗೆದುಕೊಳ್ಳೋಣ.

ಮನೆ 16: ಆಡಿಟೋರಿಯಂನವರಿಗೂ ಹೇಳಬೇಕು ಸಾರ್. ಹುಡುಗರು ವಾರ ವಾರ ಬೇರೆ ಬೇರೆ. ಆಡಿಟೋರಿಯಂ ಅದೇ.

ಮನೆ 4 (ಅಡ್ಮಿನ್): ಅದಕ್ಕೇ ಅರ್ಜಿ ಬರೆದಿದ್ದೇನೆ. ಡ್ರೋನ್ ಹಾರಿಸುವುದಾದರೆ ಅವರ ಕಂಪೌಂಡಿನ ಒಳಗೆ ಮಾತ್ರ, ಮನೆಗಳ ಮೇಲೆ ಬರಬಾರದು. ಕಾಗದ ಇಲ್ಲದವರಿಗೆ ಬುಕ್ಕಿಂಗ್ ಹೊತ್ತಿಗೇ ಇಲ್ಲ ಅನ್ನಬೇಕು. ಒಂದು ಪ್ರತಿ ಆಡಿಟೋರಿಯಂಗೆ, ಒಂದು ಪಂಚಾಯತಿಗೆ, ಒಂದು ಠಾಣೆಗೆ. ಕನ್ನಡದಲ್ಲೇ ಬರೆದದ್ದು, ಕೇರಳವಾದರೂ ಈ ಕಾಸರಗೋಡಿನಲ್ಲಿ ಅದು ನಮ್ಮ ಹಕ್ಕು. ಆದರೆ ಠಾಣೆಯಲ್ಲಿ ಈಗ ಇರುವವರು ತೆಂಕಣ ಕೇರಳದವರು, ಕನ್ನಡ ಬಾರದು, ಓದಲು ಯಾರನ್ನಾದರೂ ಹುಡುಕುತ್ತಾ ಒಂದು ವಾರ ತಳ್ಳಿಯಾರು. ಟೀಚರ್, ನೀವು ಜೊತೆಗೆ ಮಲಯಾಳದಲ್ಲಿ ಒಂದು ಬರೆದುಕೊಡುತ್ತೀರಾ?

ಮನೆ 7: ಸಂಜೆಯೊಳಗೆ ಕೊಡುತ್ತೇನೆ. ಹಪ್ಪಳದ ವಿಷಯವೂ ಸೇರಿಸುತ್ತೇನೆ.

ಮನೆ 11 (ಭಟ್ರು): ಬಾವಿ ಖಾಲಿ ಮಾಡಿದರೆ ಈ ಕುಂಭ ತಿಂಗಳಲ್ಲಿ ಒರತೆ ತುಂಬಲು ಎರಡು ದಿನ ಬೇಕು. ಅಷ್ಟರವರೆಗೆ ನಾಲ್ಕು ಮನೆಗೆ ನೀರು?

ಮನೆ 5 (ಇಚ್ಚ): ನಮ್ಮ ಬೋರ್‌ವೆಲ್‌ನಿಂದ ಪೈಪ್ ಎಳೆಯಿರಿ ಭಟ್ರೇ. ಗೇಟು ತೆರೆದೇ ಇರುತ್ತದೆ.

ಮನೆ 4 (ಅಡ್ಮಿನ್): ಸರಿ. ನಾಳೆ ಬೆಳಿಗ್ಗೆ 7ಕ್ಕೆ ಭಟ್ರ ಬಾವಿ ಹತ್ತಿರ ಎಲ್ಲರೂ ಬನ್ನಿ. ಹುಡುಗರಿಗೂ ಅದೇ ಹೊತ್ತಿಗೆ ಕಾಗದ ಹಿಡಿದು ಬರಲು ಹೇಳಿದ್ದೇನೆ. ಸಹಿಯೂ ಅಲ್ಲೇ ಹಾಕೋಣ. ಡ್ರೋನ್ ಎತ್ತಲು ಪಾತಾಳಗರಡಿ ಬೇಕು. ಭಟ್ರೇ, ನಿಮ್ಮಲ್ಲಿ ಉಂಟಲ್ಲ?

ಮನೆ 11: ಇತ್ತು. ದೀಪಾವಳಿ ಹೊತ್ತಿಗೆ ಯಾರೋ ಕೊಡಪಾನ ಬಿತ್ತು ಅಂತ ಕೊಂಡುಹೋದವರು ತಂದುಕೊಟ್ಟಿಲ್ಲ.

ಮನೆ 4 (ಅಡ್ಮಿನ್): ಎಲ್ಲರ ಗಮನಕ್ಕೆ. ಭಟ್ರ ಪಾತಾಳಗರಡಿ ಕಾಣೆಯಾಗಿದೆ. ಕಬ್ಬಿಣದ್ದು, ಒಂದು ಕೊಕ್ಕೆ ಬಾಗಿದೆ. ಕಂಡವರು ತಿಳಿಸಿ.