ಸಹಾಯ ಬೇಕು: ಅಂಬಾಸಿಡರ್ ಟೈಮಿಂಗ್ ಒಂದೇ ಕಡೆ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಳೇ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಟಕಟ ಅಂತ ನಾಕಿಂಗ್ ಶುರು. ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಸಮಯ, ಸ್ವಲ್ಪ ರಿಟಾರ್ಡ್ (ತಡ) ಮಾಡಿದರೆ ಶಬ್ದ ನಿಲ್ಲುತ್ತದೆ, ಆದರೆ ಪಿಕಪ್ ಹೋಗಿ ಎಂಜಿನ್ ಬೇಗ ಬಿಸಿಯಾಗುತ್ತದೆ.

ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ (ಕರೆಂಟ್ ಕಡಿಯುವ ಸ್ವಿಚ್), ಕಂಡೆನ್ಸರ್ ಎರಡೂ ಹೊಸದು. ಗ್ಯಾಪ್ 0.015 ಇಂಚು, ಫೀಲರ್ ಗೇಜ್ ಹಾಕಿಯೇ ಇಟ್ಟಿದ್ದು. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹೋಗುವ ಕ್ರಮ) 1-3-4-2 ಸರಿಯಿದೆ. ಟೈಮಿಂಗ್ ಲೈಟ್ ಹಿಡಿದರೆ ಐಡ್ಲಿಂಗ್‌ನಲ್ಲೇ ಪುಲ್ಲಿಯ ಗುರುತು ಹಿಂದೆ ಮುಂದೆ ಕುಣಿಯುತ್ತದೆ. ರೋಟರ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ಶಾಫ್ಟ್‌ನಲ್ಲಿ ಪ್ಲೇ (ಸಡಿಲ) ಗೊತ್ತಾಗುತ್ತದೆ. ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದರೂ ಪಾಯಿಂಟ್ ಪ್ಲೇಟ್ ಕದಲುವುದಿಲ್ಲ, ಡಯಾಫ್ರಮ್ ಹರಿದಿರಬೇಕು. ಆದರೆ ಅದು ಹರಿದರೆ ಅಡ್ವಾನ್ಸ್ (ಸ್ಪಾರ್ಕ್ ಮುಂಚೆ ಬರುವುದು) ಕಡಿಮೆಯಾಗಬೇಕು, ನಾಕಿಂಗಿಗೆ ಅದು ಕಾರಣವಾಗಲಾರದು. ನನ್ನ ಅನುಮಾನ, ವೇಗ ಹೆಚ್ಚಿದಂತೆ ಅಡ್ವಾನ್ಸ್ ಹೆಚ್ಚಿಸುವ ಒಳಗಿನ ವೇಟ್‌ಗಳ ಸ್ಪ್ರಿಂಗ್ ಮೇಲೆ. ಅವು ಸಡಿಲವಾಗಿ ಬೇಗ ಅಡ್ವಾನ್ಸ್ ಆಗುತ್ತಿರಬಹುದೇ?

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಎನ್ನುವವರಿದ್ದಾರೆ. ಪಾಯಿಂಟ್ ತೆಗೆದು ಕಿಟ್ ಕೂರಿಸಿದರೂ ಅದೇ ಶಾಫ್ಟ್, ಅದೇ ಸ್ಪ್ರಿಂಗ್ ತಾನೇ ಉಳಿಯುವುದು? ಮೊದಲು ಇರುವ ಡಿಸ್ಟ್ರಿಬ್ಯೂಟರನ್ನೇ ಸರಿಮಾಡಿಸುವ ಆಸೆ ನನ್ನದು. ಬೆಂಗಳೂರಿನಲ್ಲಿ, ಜೆ.ಸಿ. ರಸ್ತೆಯ ಸುತ್ತಮುತ್ತ, ಇದರ ಶಾಫ್ಟ್‌ಗೆ ಹೊಸ ಬುಷ್ ಮಾಡಿ ಕೂರಿಸುವ ಲೇತ್‌ನವರು ಯಾರಾದರೂ ಇದ್ದಾರೆಯೇ? ಸರಿಯಾದ ಸ್ಪ್ರಿಂಗ್ ಗುರುತಿಸುವುದು ಹೇಗೆ? ಈ ಎಂಜಿನ್ ಬಿಚ್ಚಿ ಕಟ್ಟಿದ ಹಿರಿಯರು ದಯವಿಟ್ಟು ತಿಳಿಸಿ.